ತಳಿ ಆರಿಸುವ ಹಕ್ಕು ನಮ್ಮದು! ಬೀಜದ ಚೀಟಿ, ಹೋರಿಯ ನಂಬರು, ಟಗರಿನ ತೂಕ, ತಾಯಿಮರದ ಲೆಕ್ಕ: ಕೇಳೋಣ, ಬರೆದಿಡೋಣ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ರೈತ ಬಂಧುಗಳೇ, ಹೈನು ನಡೆಸುವ ಅಕ್ಕತಂಗಿಯರೇ, ಕುರಿ ಮೇಯಿಸುವ ಅಣ್ಣತಮ್ಮಂದಿರೇ,

ಈ ಕರಪತ್ರವನ್ನು ಮಡಚಿ ಜೇಬಿಗೆ ಇಳಿಸುವ ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ.

ನಿಮ್ಮ ಹಸು ಕಳೆದ ಸಲ ಬೆದೆಗೆ ಬಂದಾಗ ಹಾಕಿಸಿದ ಇಂಜೆಕ್ಷನ್ ಯಾವ ಹೋರಿಯದು?
ಹೊಲಕ್ಕೆ ಹಾಕಿದ ರಾಗಿ ಯಾವ ತಳಿ, ಆ ಬೀಜ ಎಷ್ಟು ವರ್ಷದಿಂದ ನಿಮ್ಮ ಮನೆಯಲ್ಲಿದೆ?
ನೆಟ್ಟ ಆಲೂಗೆಡ್ಡೆ ಯಾವ ಸೀಮೆಯಿಂದ ಬಂತು, ಯಾರ ಹೊಲದಲ್ಲಿ ಬೆಳೆದದ್ದು?
ಮಂದೆಯಲ್ಲಿ ಈ ವರ್ಷ ಹುಟ್ಟಿದ ಮರಿಗಳ ಅಪ್ಪ ಯಾವ ಟಗರು?

ನಾಲ್ಕಕ್ಕೂ ಉತ್ತರ ಗೊತ್ತಿದ್ದರೆ ನಿಮ್ಮ ಮನೆ ಜಗಲಿಗೆ ನಾವೇ ಬಂದು ಕೂತು ಕಲಿಯುತ್ತೇವೆ. ಗೊತ್ತಿಲ್ಲದಿದ್ದರೆ ಮುಂದೆ ಓದಿ. ಗೊಬ್ಬರದ ರೇಟು, ಹಾಲಿನ ರೇಟು, ಕೊಬ್ಬರಿಯ ರೇಟು ನಮಗೆಲ್ಲ ಬಾಯಿಪಾಠ. ಆ ಹಾಲು, ಆ ಕೊಬ್ಬರಿ ಎಷ್ಟು ಬರಬೇಕು ಎಂಬುದನ್ನು ಅರ್ಧಕ್ಕರ್ಧ ಮೊದಲೇ ತೀರ್ಮಾನ ಮಾಡಿಬಿಡುವುದು ತಳಿ. ಅದನ್ನು ಮಾತ್ರ ನಾವು ವಿಚಾರಿಸುವುದೇ ಇಲ್ಲ.

ನಾವು ಹೇಳುವುದು ಇಷ್ಟೇ

ಬೆಳೆಯ ತಳಿ, ಜಾನುವಾರಿನ ತಳಿ ಆರಿಸುವ ಕೆಲಸದಲ್ಲಿ ರೈತನಿಗೆ ಮಾತು ಇರಬೇಕು. ಆ ಮಾತಿಗೆ ತೂಕ ಬರಬೇಕಾದರೆ ರೈತನ ಕೈಯಲ್ಲಿ ಲೆಕ್ಕ ಇರಬೇಕು. "ಈ ತಳಿ ಚೆನ್ನಾಗಿಲ್ಲ ಸ್ವಾಮಿ" ಎಂದರೆ ಆಫೀಸಿನಲ್ಲಿ ತಲೆಯಾಡಿಸಿ ಕಳಿಸುತ್ತಾರೆ. "ನಮ್ಮೂರಿನ ಇಪ್ಪತ್ತು ಹೊಲದಲ್ಲಿ ಹಾಕಿ ನೋಡಿದೆವು, ಹದಿನೈದರಲ್ಲಿ ಇಲುಕು ರೋಗ ಬಂತು, ಹುಲ್ಲು ಮೊಣಕಾಲೆತ್ತರ ದಾಟಲಿಲ್ಲ, ಇಗೋ ಪುಸ್ತಕ" ಎಂದರೆ ಕೂರಿಸಿ ಮಾತಾಡಿಸುತ್ತಾರೆ.

ವಿಜ್ಞಾನಿಗಳ ಮೇಲೆ ನಮಗೆ ಸಿಟ್ಟಿಲ್ಲ, ಅವರ ಋಣ ನಮ್ಮ ಮೇಲಿದೆ. ಆದರೆ ಅರಸೀಕೆರೆಯಿಂದ ಜಾವಗಲ್ ದಾಟಿ ಹಳೇಬೀಡು, ಬೇಲೂರಿನವರೆಗೆ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿ. ಕಣಕಟ್ಟೆ, ಬಾಣಾವರದ ಕಡೆ ಮಳೆಗೆ ಬಾಯಿಬಿಟ್ಟುಕೊಂಡಿರುವ ರಾಗಿ ಹೊಲ, ತೆಂಗಿನ ತೋಟ. ಹಳೇಬೀಡಿನ ಹತ್ತಿರ ಆಲೂಗೆಡ್ಡೆ, ಮುಸುಕಿನ ಜೋಳ, ಶುಂಠಿ. ಬೇಲೂರು ದಾಟಿ ಬಿಕ್ಕೋಡು, ಅರೇಹಳ್ಳಿಗೆ ಹೋದರೆ ಕಾಫಿ, ಮೆಣಸು. ಎರಡು ತಾಲ್ಲೂಕಿನೊಳಗೇ ಮಳೆ ಬೇರೆ, ಮಣ್ಣು ಬೇರೆ, ಮೇವು ಬೇರೆ. ಬೆಂಗಳೂರಿನ ತಾಕಿನಲ್ಲಿ ಗೆದ್ದ ತಳಿ ಕಣಕಟ್ಟೆಯ ಕೆಂಪುಮಣ್ಣಿನಲ್ಲೂ ಗೆಲ್ಲುತ್ತದೋ ಇಲ್ಲವೋ ಎಂಬುದನ್ನು ಕಣಕಟ್ಟೆಯ ರೈತನೇ ಹೇಳಬೇಕು.

ರಾಗಿ: ನೂರು ವರ್ಷದ ಕೆಲಸ, ಮುಗಿಯದ ಕೆಲಸ

ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಕೃಷಿ ಇಲಾಖೆ ನಡೆಸುತ್ತಿದ್ದ ಕಾಲದಲ್ಲೇ ರಾಗಿ ತಳಿ ಸುಧಾರಣೆ ಶುರುವಾಯಿತು. 1918ರಲ್ಲಿ ಎಚ್-22 ಎಂಬ ರಾಗಿ ಹೊರಬಂತು. ಆಮೇಲೆ ಬಂದವರು ಮಂಡ್ಯದ ವಿ.ಸಿ. ಫಾರಂನ ಲಕ್ಷ್ಮಣಯ್ಯ. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ತನಗೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಅದನ್ನು ಬೇರೆ ತಳಿಯೊಂದಿಗೆ ಕೂಡಿಸುವುದೇ ದೊಡ್ಡ ತಪಸ್ಸು. 1960ರ ದಶಕದಲ್ಲಿ ಅವರು ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿದರು. ಆಫ್ರಿಕ ರಾಗಿಯ ತವರು. ಅಲ್ಲಿನ ತಳಿಯಲ್ಲಿ ದಪ್ಪ ತೆನೆ, ಗಟ್ಟಿ ಕಡ್ಡಿ, ರೋಗ ತಡೆಯುವ ಶಕ್ತಿ ಇತ್ತು. ಹೀಗೆ ಹುಟ್ಟಿದ ಇಂಡಾಫ್ ತಳಿಗಳು ಹಳೇ ಮೈಸೂರಿನ ಕಣಗಳನ್ನು ತುಂಬಿಸಿದವು. ಇವತ್ತು ನಮ್ಮಲ್ಲಿ ಬಹಳ ಜನ ಹಾಕುವ ಜಿಪಿಯು-28ರಲ್ಲೂ ಇಂಡಾಫ್-5, ಇಂಡಾಫ್-9ರ ರಕ್ತ ಇದೆ. ಎಂಎಲ್-365ರಲ್ಲೂ ಇಂಡಾಫ್-5 ಇದೆ.

ಇಷ್ಟೆಲ್ಲ ಆದರೂ ಕೊರತೆ ಎಲ್ಲಿ? ತಳಿ ಬಿಡುಗಡೆ ಮಾಡುವಾಗ ಮೊದಲು ನೋಡುವುದು ಎಕರೆಗೆ ಎಷ್ಟು ಕ್ವಿಂಟಾಲ್ ಕಾಳು ಎಂದು. ನಮ್ಮ ಮನೆಯಲ್ಲಿ ರಾಗಿ ಎಂದರೆ ಕಾಳು ಅರ್ಧ, ಹುಲ್ಲು ಅರ್ಧ. ಮೆದೆ ಸಣ್ಣದಾದರೆ ಬೇಸಿಗೆಯಲ್ಲಿ ಹಸು ಮಾರಬೇಕು. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತೇವೆ. ಪಕ್ಕದ ಸಾಲನ್ನು ನುಂಗದೆ ಬೆಳೆಯುವ ರಾಗಿ ಬೇಕು. ಮುಂಗಾರು ಕೈಕೊಟ್ಟು ಆಗಸ್ಟ್‌ನಲ್ಲಿ ಬಿತ್ತಿದರೂ ತೆನೆ ಕಟ್ಟುವ ಅಲ್ಪಾವಧಿ ತಳಿ ಬೇಕು. ಮುದ್ದೆ ಮೆತ್ತಗಿರಬೇಕು, ರಾತ್ರಿ ಮಾಡಿದ್ದು ಬೆಳಿಗ್ಗೆ ಗಟ್ಟಿಯಾಗಬಾರದು. ಇದನ್ನು ಹೇಳಬಲ್ಲವರು ಮುದ್ದೆ ತಿರುವುವ ಹೆಂಗಸರು. ತಳಿ ಆಯ್ಕೆಯ ಸಭೆಗೆ ಅವರನ್ನು ಕರೆದದ್ದುಂಟೇ?

ಬೇರೆ ಕಡೆ ಕರೆದಿದ್ದಾರೆ. ಇಥಿಯೋಪಿಯಾ, ನಿಕರಾಗುವಾ, ನಮ್ಮದೇ ಬಿಹಾರದಲ್ಲಿ ಒಂದು ಸರಳ ಪದ್ಧತಿ ನಡೆಸಿದ್ದಾರೆ. ಪ್ರತಿ ರೈತನಿಗೂ ಮೂರೇ ಮೂರು ತಳಿಯ ಸಣ್ಣ ಪೊಟ್ಟಣ ಕೊಡುತ್ತಾರೆ. ಹೆಸರು ಹೇಳುವುದಿಲ್ಲ, ಬರೀ ಗುರುತು. ಬೇರೆ ಬೇರೆ ರೈತರಿಗೆ ಬೇರೆ ಬೇರೆ ಮೂರು. ರೈತ ತನ್ನ ಹೊಲದಲ್ಲಿ ತನ್ನದೇ ಪದ್ಧತಿಯಲ್ಲಿ ಬೆಳೆದು "ಇದು ಎಲ್ಲಕ್ಕಿಂತ ಚೆಂದ, ಇದು ಎಲ್ಲಕ್ಕಿಂತ ಕಡೆ" ಎಂದರೆ ಸಾಕು. ನೂರಾರು ರೈತರ ಈ ಉತ್ತರ ಒಟ್ಟುಗೂಡಿಸಿದರೆ ಯಾವ ಮಣ್ಣಿಗೆ ಯಾವ ತಳಿ ಎಂಬುದು ಎದ್ದು ಕಾಣುತ್ತದೆ. ಇದಕ್ಕೆ ಹತ್ತು ಗುಂಟೆಯೂ ಬೇಡ. ಜಾವಗಲ್, ಗಂಡಸಿ, ಮಾದೀಹಳ್ಳಿ ಹೋಬಳಿಗಳಲ್ಲಿ ಇದನ್ನು ಮಾಡಲು ಏನು ಅಡ್ಡಿ?

ಆಲೂಗೆಡ್ಡೆ: ಬೀಜವೇ ಪಂಜಾಬಿನದು, ರೋಗ ಮಾತ್ರ ನಮ್ಮದು

ಹಾಸನ ಜಿಲ್ಲೆ ಎಂದರೆ ಆಲೂಗೆಡ್ಡೆ ಎನ್ನುವ ಕಾಲವಿತ್ತು. ಮೇ ತಿಂಗಳು ಬಂತೆಂದರೆ ಹಾಸನದ ಎಪಿಎಂಸಿಯಲ್ಲಿ ಪಂಜಾಬಿನ ಬಿತ್ತನೆ ಗೆಡ್ಡೆಗೆ ಜನ ಮುಗಿಬೀಳುತ್ತಿದ್ದರು. ನೆಟ್ಟ ಮೇಲೆ ಜುಲೈನಲ್ಲಿ ಜಿಟಿಜಿಟಿ ಮಳೆ, ಮಂಜು, ತಂಪು. ಎರಡು ಮೂರು ದಿನದಲ್ಲಿ ಅಂಗಮಾರಿ ಇಡೀ ಹೊಲವನ್ನು ಸುಟ್ಟಂತೆ ಮಾಡುತ್ತಿತ್ತು. ಹಳೇಬೀಡು, ಬೇಲೂರು ಕಡೆ ಎಷ್ಟೋ ಜನ ಆಲೂಗೆಡ್ಡೆ ಬಿಟ್ಟು ಜೋಳ, ಶುಂಠಿಗೆ ಹೋದದ್ದು ಈ ಹೊಡೆತ ತಾಳಲಾರದೆ. 1845ರಲ್ಲಿ ಐರ್ಲೆಂಡಿನ ಜನರನ್ನು ಹಸಿವಿಗೆ ದೂಡಿದ್ದೂ ಇದೇ ಅಂಗಮಾರಿ. ಅಲ್ಲೂ ಊರಿಗೆ ಊರೇ ಒಂದೇ ತಳಿ ನೆಟ್ಟಿತ್ತು.

ನಾವು ನೆಡುತ್ತ ಬಂದ ಕುಫ್ರಿ ಜ್ಯೋತಿ ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯಿಂದ 1968ರಲ್ಲಿ ಬಂದ ತಳಿ. ಬಂದಾಗ ಅಂಗಮಾರಿಯನ್ನು ತಡೆಯುತ್ತಿತ್ತು. ಆದರೆ ರೋಗಾಣು ಸುಮ್ಮನೆ ಕೂರುವುದಿಲ್ಲ, ರೂಪ ಬದಲಿಸುತ್ತದೆ. ಐವತ್ತು ವರ್ಷ ಒಂದೇ ತಳಿ ನೆಟ್ಟರೆ ರೋಗಕ್ಕೆ ಅದರ ಬಾಗಿಲು ತೆರೆಯುವ ದಾರಿ ಗೊತ್ತಾಗಿಯೇ ಆಗುತ್ತದೆ. ಕುಫ್ರಿ ಹಿಮಾಲಿನಿ, ಕುಫ್ರಿ ಕರಣ್‌ನಂಥ ಹೊಸ ತಳಿಗಳು ಬಂದಿವೆ. ನಮ್ಮ ರೈತನ ಕೈಗೆ ಅವು ಎಷ್ಟು ಬಂದಿವೆ?

ಎರಡನೇ ತೊಂದರೆ ಗೆಡ್ಡೆಯದೇ. ಆಲೂಗೆಡ್ಡೆಯನ್ನು ಗೆಡ್ಡೆಯಿಂದಲೇ ಬೆಳೆಸುವುದರಿಂದ ನಂಜುರೋಗ ತಲೆಮಾರಿನಿಂದ ತಲೆಮಾರಿಗೆ ಒಳಗೇ ಸೇರಿಕೊಂಡು ಬರುತ್ತದೆ. ಹೊರಗೆ ಗೆಡ್ಡೆ ಗುಂಡಗೆ ಕಾಣುತ್ತದೆ, ಒಳಗೆ ಇಳುವರಿ ಸತ್ತಿರುತ್ತದೆ. ಇದಕ್ಕೆ ಉಪಾಯ ಇದೆ, ಅದು ನಮ್ಮ ಜಿಲ್ಲೆಗೆ ಬಂದೂ ಇದೆ. ಪ್ರಯೋಗಶಾಲೆಯಲ್ಲಿ ರೋಗವಿಲ್ಲದ ತಾಯಿಸಸಿ ಬೆಳೆಸಿ, ಅದರ ಕುಡಿಗಳನ್ನು ಕತ್ತರಿಸಿ ಬೇರು ಬರಿಸಿ, ಟ್ರೇ ಸಸಿಯಂತೆ ನೆಡುವ ಪದ್ಧತಿ. ವಿಯೆಟ್ನಾಮಿನ ದಲಾತ್ ಬೆಟ್ಟದ ಸಣ್ಣ ರೈತರು ಇದನ್ನು ಮನೆಮನೆಯಲ್ಲಿ ಮಾಡಿ ತೋರಿಸಿದರು. ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಸೇರಿ ಹಾಸನದಲ್ಲಿ ಇದನ್ನು ಪರಿಚಯಿಸಿವೆ. ಆಲೂಗೆಡ್ಡೆಯ ಮೇಲೆ ಕೆಲಸ ಮಾಡುವ ಸಂಶೋಧನಾ ಕೇಂದ್ರ ಹಾಸನದ ಸೋಮನಹಳ್ಳಿ ಕಾವಲಿನಲ್ಲೇ ಇದೆ.

ಹಾಗಾದರೆ ಬೇಕಾದದ್ದು ಹೋಬಳಿಗೊಂದು ಬಿತ್ತನೆ ಗುಂಪು. ನಾಲ್ಕೈದು ರೈತರು ಕುಡಿಸಸಿ ತಂದು, ಬೇರೆ ಆಲೂಗೆಡ್ಡೆ, ಟೊಮೆಟೊ ಹೊಲಗಳಿಂದ ದೂರದಲ್ಲಿ ನೆಟ್ಟು, ರೋಗದ ಗಿಡ ಕಂಡ ಕೂಡಲೇ ಕಿತ್ತು ಸುಟ್ಟು, ಬಿತ್ತನೆ ಗೆಡ್ಡೆ ಮಾಡಿ ಊರಿಗೆ ಕೊಡಲಿ. ಪಂಜಾಬಿನ ಲಾರಿಯ ದಾರಿ ಕಾಯುವುದು ಒಂದೇ ವರ್ಷದಲ್ಲಿ ನಿಲ್ಲುವುದಿಲ್ಲ. ಐದು ವರ್ಷದಲ್ಲಿ ಖಂಡಿತ ಕಡಿಮೆಯಾಗುತ್ತದೆ.

ತೆಂಗು: ತಪ್ಪು ಸಸಿ ನೆಟ್ಟರೆ ಮೂವತ್ತು ವರ್ಷದ ಶಿಕ್ಷೆ

ರಾಗಿಯಲ್ಲಿ ತಪ್ಪಾದರೆ ಒಂದು ಮಳೆಗಾಲ ಹೋಯಿತು. ತೆಂಗಿನಲ್ಲಿ ತಪ್ಪಾದರೆ ಗೊತ್ತಾಗುವುದೇ ಆರೇಳು ವರ್ಷದ ಮೇಲೆ. ಅಷ್ಟರಲ್ಲಿ ಸಸಿ ಮಾರಿದವನ ಲಾರಿ ಎಲ್ಲಿಗೆ ಹೋಯಿತೋ ಯಾರಿಗೆ ಗೊತ್ತು!

ಅರಸೀಕೆರೆಯ ತೋಟಗಳ ಹೆಮ್ಮೆ ತಿಪಟೂರು ಎತ್ತರದ ತಳಿ. ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಉಂಡೆ ಕೊಬ್ಬರಿ ಮಾಡುವುದಕ್ಕೆ ಇದಕ್ಕಿಂತ ಚೆನ್ನಾದ ಕಾಯಿ ಬೇರೆ ಇಲ್ಲ. ಈ ತಳಿಯಿಂದಲೇ ಆರಿಸಿದ ಕಲ್ಪತರು ಎಂಬ ತಳಿಯೂ ಬಂದಿದೆ. ತೆಂಗಿನ ಮೇಲೆ ಕೆಲಸ ಮಾಡುವ ತೋಟಗಾರಿಕಾ ಸಂಶೋಧನಾ ಕೇಂದ್ರ ಅರಸೀಕೆರೆಯಲ್ಲೇ ಇದೆ. ಕಾಸರಗೋಡಿನಲ್ಲಿ 1916ರಿಂದ ತೆಂಗಿನ ಸಂಶೋಧನೆ ನಡೆದಿದೆ. ಇಷ್ಟೆಲ್ಲ ಹತ್ತಿರದಲ್ಲಿದ್ದೂ ನಾವು ಸಂತೆಬೀದಿಯಲ್ಲಿ ಹೆಸರಿಲ್ಲದ ಸಸಿ ಕೊಂಡು ನೆಡುತ್ತೇವೆ.

ಬರಗಾಲದಲ್ಲಿ ನಮ್ಮ ತಾಲ್ಲೂಕಿನ ತೋಟಗಳು ಸುಳಿ ಒಣಗಿ ನಿಂತದ್ದನ್ನು ಎಲ್ಲರೂ ಕಂಡಿದ್ದೇವೆ. ನುಸಿ ಬಂತು, ಕಪ್ಪುತಲೆ ಹುಳು ಬಂತು, ಬಿಳಿನೊಣ ಬಂತು. ಆ ಎಲ್ಲದರ ನಡುವೆಯೂ ಪ್ರತಿ ತೋಟದಲ್ಲಿ ಒಂದೆರಡು ಮರ ಗೊನೆ ಬಿಡುತ್ತಲೇ ಇದ್ದವು. ಯಾವ ಪ್ರಯೋಗಶಾಲೆಯೂ ಇಷ್ಟು ಕಠಿಣ ಪರೀಕ್ಷೆ ಮಾಡಲಾರದು. ಆ ಮರಗಳನ್ನು ಗುರುತಿಸಿ. ಇಪ್ಪತ್ತು ವರ್ಷ ದಾಟಿದ ಮರ, ವರ್ಷಕ್ಕೆ ಎಂಬತ್ತು ಕಾಯಿಗೆ ಮೇಲೆ, ತಲೆ ತುಂಬ ಮೂವತ್ತಕ್ಕೆ ಮೇಲೆ ಗರಿ, ಸುಲಿದ ಕಾಯಿ ಆರುನೂರು ಗ್ರಾಂಗೆ ಮೇಲೆ, ಒಂದು ಕಾಯಿಗೆ ನೂರೈವತ್ತು ಗ್ರಾಂ ಕೊಬ್ಬರಿ. ಈ ಅಳತೆಗೆ ನಿಂತ ಮರಕ್ಕೆ ಬಣ್ಣದ ಪಟ್ಟಿ ಬಳಿಯಿರಿ, ನಂಬರು ಕೊಡಿ, ಎರಡು ವರ್ಷ ಕಾಯಿ ಎಣಿಸಿ ಬರೆಯಿರಿ. ಆಮೇಲೆ ಅದರ ಬಲಿತ ಕಾಯಿಯನ್ನು ಮಂಡಿಗೆ ಹಾಕಬೇಡಿ, ಸಸಿಮಡಿಗೆ ಕೊಡಿ.

ಹಸು: ತಾಯಿಯಂತೆ ಮಗಳು, ಅಪ್ಪ ಯಾರು?

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತೇವೆ. ಕೊಟ್ಟಿಗೆಯಲ್ಲಿ ಆ ಗಾದೆ ಅರ್ಧ ಮಾತ್ರ ಸರಿ. ಕರುವಿನ ರಕ್ತದಲ್ಲಿ ಅರ್ಧ ಪಾಲು ಅಪ್ಪನದು. ಆ ಅಪ್ಪ ಬರುವುದು ಮೈನಸ್ 196 ಡಿಗ್ರಿಯ ಸಾರಜನಕದ ಕ್ಯಾನಿನಲ್ಲಿ, ಕಾಲು ಮಿಲಿಲೀಟರಿನ ಒಂದು ಸಣ್ಣ ಕಡ್ಡಿಯಲ್ಲಿ. ಆ ಕಡ್ಡಿಯ ಮೇಲೆ ಹೋರಿಯ ನಂಬರು, ತಳಿ, ವೀರ್ಯ ಕೇಂದ್ರದ ಗುರುತು ಎಲ್ಲವೂ ಅಚ್ಚಾಗಿರುತ್ತದೆ. ಇಂಜೆಕ್ಷನ್ ಮುಗಿದ ಮೇಲೆ ಅದು ತಿಪ್ಪೆಗೆ ಬೀಳುತ್ತದೆ. ಮೂರು ವರ್ಷದ ಮೇಲೆ ಆ ಕರು ಕಡಸಾಗಿ ಬೆದೆಗೆ ಬಂದಾಗ ಅದೇ ಹೋರಿಯ ಕಡ್ಡಿಯನ್ನೇ ಮಗಳಿಗೂ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ಅಪ್ಪ ಮಗಳು ಕೂಡಿದ ಕರುವಿನಲ್ಲಿ ಒಳಸಂತಾನದ ಪ್ರಮಾಣ ಶೇ. 25. ಗಬ್ಬ ನಿಲ್ಲದಿರುವುದು, ಕರು ಸಾಯುವುದು, ಹಾಲು ಇಳಿಯುವುದು ಇವಕ್ಕೆಲ್ಲ ಮೇವನ್ನೇ ದೂರುತ್ತ ಕೂರುತ್ತೇವೆ.

ಇನ್ನೊಂದು ಮಾತು. ಹೋರಿ ಎಷ್ಟು ದೊಡ್ಡದು, ಎಷ್ಟು ಚೆಂದ ಎಂಬುದು ಲೆಕ್ಕಕ್ಕಿಲ್ಲ. ಅದರ ಹೆಣ್ಣುಮಕ್ಕಳು ನಮ್ಮಂಥವರ ಕೊಟ್ಟಿಗೆಯಲ್ಲಿ, ರಾಗಿಹುಲ್ಲು ತಿಂದು, ಅರಸೀಕೆರೆಯ ಏಪ್ರಿಲ್ ಬಿಸಿಲಿನಲ್ಲಿ ಎಷ್ಟು ಹಾಲು ಕೊಟ್ಟವು ಎಂಬುದೇ ಹೋರಿಯ ಬೆಲೆ. ಹಸು ಮೂರು ಸಲ ತಿರುಗಿ ಬೆದೆಗೆ ಬಂದರೆ ಇಪ್ಪತ್ತೊಂದು ದಿನದಂತೆ ಅರವತ್ಮೂರು ದಿನ ಬರೀ ಮೇವಿನ ಖರ್ಚು. ದಿನಕ್ಕೆ ಎರಡು ಲೀಟರ್ ಹೆಚ್ಚು ಹಾಲಿನ ಆಸೆಗೆ ಎಚ್.ಎಫ್. ರಕ್ತ ಏರಿಸುತ್ತ ಹೋದ ಮನೆಗಳಲ್ಲಿ ಈ ಲೆಕ್ಕ ಹಾಕಿ ನೋಡಿ. ಕೆಲವರಿಗೆ ಜರ್ಸಿಯೇ ಸಾಕು, ಮತ್ತೆ ಕೆಲವರಿಗೆ ಅರ್ಧ ರಕ್ತದ ಹಸುವೇ ಲಾಭ. ಎಲ್ಲ ಮನೆಗೂ ಒಂದೇ ಹೋರಿ ಎಂಬುದು ತಳಿ ಕಾರ್ಯಕ್ರಮವೇ ಅಲ್ಲ.

ಇಥಿಯೋಪಿಯಾ, ಟಾಂಜಾನಿಯಾದಲ್ಲಿ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಒಂದೆರಡು ಹಸು ಕಟ್ಟಿದ ಮನೆಗಳಿಂದಲೇ ಹಾಲಿನ ಲೆಕ್ಕವನ್ನು ಮೊಬೈಲಿನಲ್ಲಿ ಒಟ್ಟುಮಾಡಿ, ಆ ಸೀಮೆಗೆ ಯಾವ ಹೋರಿ ಹೊಂದುತ್ತದೆ ಎಂದು ಪಟ್ಟಿ ಮಾಡುತ್ತದೆ. ನಮಗೆ ಅದಕ್ಕಿಂತ ಅನುಕೂಲ ಇದೆ. ಊರಿಗೊಂದು ಡೇರಿ ಇದೆ, ದಿನಕ್ಕೆ ಎರಡು ಹೊತ್ತು ಲೀಟರು, ಫ್ಯಾಟು ಬರೆಯುವ ಪುಸ್ತಕ ಇದೆ. ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಓಲೆ ಇದೆ, ಸರ್ಕಾರದ ಭಾರತ್ ಪಶುಧನ್ ದಾಖಲೆ ಇದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಡೇರಿಯ ಪುಸ್ತಕ ಮನೆಯ ಲೆಕ್ಕ ಹೇಳುತ್ತದೆ, ಹಸುವಿನ ಲೆಕ್ಕ ಹೇಳುವುದಿಲ್ಲ. ತಿಂಗಳಿಗೊಂದು ದಿನ, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ಒಂದೊಂದು ಹಸುವಿನ ಹಾಲನ್ನು ಬೇರೆ ಅಳೆದರೆ ಈ ಕೊರತೆ ತುಂಬುತ್ತದೆ.

ಕುರಿ: ಒಳ್ಳೆ ಟಗರನ್ನು ಕಟುಕನಿಗೆ ಕೊಟ್ಟು, ಬಡಕಲನ್ನು ಮಂದೆಗೆ ಬಿಟ್ಟರೆ?

ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಹಾಸನ ಕುರಿ ಎಂಬ ತಳಿ ದೇಶದ ತಳಿಪಟ್ಟಿಯಲ್ಲಿದೆ. ಎಷ್ಟು ಜನಕ್ಕೆ ಗೊತ್ತು? ಮಂದೆಯಲ್ಲಿ ಬೇಗ ಬೆಳೆದ ಗಂಡುಮರಿಗೆ ಮೊದಲು ಗಿರಾಕಿ ಬರುತ್ತಾನೆ. ಹಬ್ಬಕ್ಕೆ ಮೊದಲು ಕೈಗೆ ಕಾಸು ಸಿಗುತ್ತದೆ, ಕೊಡುತ್ತೇವೆ. ಯಾರೂ ಕೊಳ್ಳದ ಸಣ್ಣ ಟಗರು ಮಂದೆಯಲ್ಲಿ ಉಳಿದು ಎಲ್ಲ ಕುರಿಗೂ ಗಂಡಾಗುತ್ತದೆ. ಹತ್ತು ವರ್ಷ ಹೀಗೆ ಮಾಡಿದರೆ ನಾವೇ ಕೈಯಾರೆ ತಳಿಯನ್ನು ಇಳಿಸಿದಂತೆ.

ಇಥಿಯೋಪಿಯಾದ ಮೆಂಜ್, ಬೋಂಗಾ, ಹೊರೊ ಸೀಮೆಯ ಕುರುಬರೂ ಇದೇ ಕಷ್ಟದಲ್ಲಿದ್ದರು. ಅಲ್ಲಿ ಊರಿನವರೇ ಗುಂಪು ಕಟ್ಟಿದರು. ಮರಿ ಹುಟ್ಟಿದ ದಿನ, ಒಂಟಿಯೋ ಜೋಡಿಯೋ, ಮೂರು ತಿಂಗಳ ತೂಕ, ಆರು ತಿಂಗಳ ತೂಕ, ಇಷ್ಟು ಬರೆದರು. ಆಮೇಲೆ ಎಲ್ಲರ ಗಂಡುಮರಿಗಳನ್ನು ಒಂದು ಬಯಲಿಗೆ ತಂದು ಹಿರಿಯರೇ ನೋಡಿ ಮೇಲಾದವನ್ನು ಆರಿಸಿದರು. ಆರಿಸಿದ ಟಗರು ಗುಂಪಿನಲ್ಲಿ ಸರದಿಯ ಮೇಲೆ ಓಡಾಡುತ್ತದೆ, ಉಳಿದವನ್ನು ಬೀಜ ಒಡೆದು ಕೊಬ್ಬಿಸಿ ಮಾರುತ್ತಾರೆ. ನಮ್ಮ ಜಾತ್ರೆಗಳಲ್ಲಿ ಟಗರಿನ ಚೆಂದಕ್ಕೆ ಬಹುಮಾನ ಕೊಡುವ ಅಭ್ಯಾಸ ಇದೆ. ಅದರ ಮರಿಗಳ ತೂಕಕ್ಕೂ ಒಂದು ಬಹುಮಾನ ಇಡಿ.

ಅವಳಿ ಮರಿ ಕೊಡುವ ಸುವರ್ಣ ಕುರಿಯ ಮಾತೂ ಬರುತ್ತದೆ. ಬಂಗಾಳದ ಸುಂದರಬನದ ಗರೋಲ್ ಕುರಿಯಲ್ಲಿರುವ ಅವಳಿ ಗುಣವನ್ನು ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆ ದಖನಿ ಕುರಿಗೆ ತಂದು ಮಾಡಿದ ತಳಿ ಅದು. ಒಳ್ಳೆ ಕೆಲಸ. ಆದರೆ ಎರಡು ಮರಿಗೆ ಹಾಲು ಸಾಲದ, ಮೇವಿಲ್ಲದ ಮಂದೆಗೆ ಅವಳಿ ಎಂದರೆ ಎರಡು ಸಾವು. ಕೊಳ್ಳುವ ಮೊದಲು ಮೇವಿನ ಲೆಕ್ಕ ಹಾಕಿ.

ಈ ಕೆಲಸ ಈ ನೆಲಕ್ಕೆ ಹೊಸದಲ್ಲ

ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಕಾವಲುಗಳಲ್ಲಿ ಮೇದ ದನಗಳು ಫಿರಂಗಿ ಎಳೆದವು. ಅದರ ಹಿಂದೆ ಮಂದೆ ಎಣಿಸುವ, ಹೋರಿ ಆರಿಸುವ, ಕಾವಲು ಕಾಯುವ ಕಟ್ಟುನಿಟ್ಟಿನ ವ್ಯವಸ್ಥೆ ಇತ್ತು. 1860ರಲ್ಲಿ ಬ್ರಿಟಿಷರು ಖರ್ಚು ಉಳಿಸಲು ಮಂದೆ ಮಾರಿದರು. ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ ಕೆಲವೇ ವರ್ಷದಲ್ಲಿ ಮತ್ತೆ ಶುರುಮಾಡಬೇಕಾಯಿತು. ಇವತ್ತು ಅಜ್ಜಂಪುರದಲ್ಲಿ, ಬೀರೂರಿನಲ್ಲಿ ಅಮೃತ ಮಹಲ್ ತಳಿ ಕೇಂದ್ರಗಳಿವೆ. ಕಾವಲಿನ ಹುಲ್ಲುಗಾವಲು ಮಾತ್ರ ವರ್ಷದಿಂದ ವರ್ಷಕ್ಕೆ ಕರಗುತ್ತಿದೆ. ಟ್ರ್ಯಾಕ್ಟರ್ ಬಂದ ಮೇಲೂ ಎಲ್ಲರೂ ಹಳ್ಳಿಕಾರ್, ಅಮೃತ ಮಹಲ್ ಸಾಕಿ ಎಂದು ನಾವು ಹೇಳುವುದಿಲ್ಲ. ಬಿಸಿಲು, ಉಣ್ಣೆ, ಬರ ತಡೆಯುವ ಆ ರಕ್ತ ಒಮ್ಮೆ ಹೋದರೆ ಯಾವ ಕ್ಯಾನಿನಲ್ಲೂ ಮರಳಿ ಬರುವುದಿಲ್ಲ ಎಂಬುದನ್ನು ಹೇಳುತ್ತೇವೆ.

ಕಾನೂನು ನಮ್ಮ ಕಡೆ ಇದೆ

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ 39ನೇ ಕಲಮು ಓದಿ. ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಮತ್ತೆ ಬಿತ್ತುವ, ಬದಲಾಯಿಸಿಕೊಳ್ಳುವ, ಮಾರುವ ಹಕ್ಕು ರೈತನದು. ಸಂರಕ್ಷಿತ ತಳಿಯನ್ನು ಅದರ ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ, ಅಷ್ಟೇ. 2019ರಲ್ಲಿ ಗುಜರಾತಿನ ಆಲೂಗೆಡ್ಡೆ ರೈತರ ಮೇಲೆ ಪೆಪ್ಸಿಕೋ ಕಂಪನಿ ಹೂಡಿದ ದಾವೆ ದೇಶದ ರೈತರೆಲ್ಲ ದನಿ ಎತ್ತಿದ ಮೇಲೆ ವಾಪಸಾಯಿತು. ಮಹಾರಾಷ್ಟ್ರದ ಸಣ್ಣ ರೈತ ದಾದಾಜಿ ಖೋಬ್ರಾಗಡೆ ತಮ್ಮ ಗದ್ದೆಯಲ್ಲಿ ಬೇರೆಯಾಗಿ ಕಂಡ ತೆನೆಗಳನ್ನು ಆರಿಸುತ್ತ ಎಚ್‌ಎಂಟಿ ಭತ್ತ ಮಾಡಿದರು. ರೈತ ತಳಿಗಾರನಾಗಬಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಅದೇ ಕಲಮಿನ ಪ್ರಕಾರ, ನೋಂದಾಯಿತ ತಳಿ ಹೇಳಿದಷ್ಟು ಇಳುವರಿ ಕೊಡದಿದ್ದರೆ ಪರಿಹಾರ ಕೇಳಬಹುದು. ಅದಕ್ಕೆ ಚೀಲ, ಚೀಟಿ, ಬಿಲ್ಲು ಇರಬೇಕು. ಚೀಟಿಯ ಬಣ್ಣ ನೆನಪಿಡಿ: ತಳಿಗಾರರ ಬೀಜಕ್ಕೆ ಹೊಂಬಣ್ಣ, ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ, ನಿಜಚೀಟಿ ಬೀಜಕ್ಕೆ ಹಸಿರು.

ಈ ವರ್ಷ ನಾವು ಮಾಡುವ ಆರು ಕೆಲಸ

1. ಊರಿಗೊಂದು ತಳಿ ಪುಸ್ತಕ. ಡೇರಿಯಲ್ಲೋ, ಸ್ತ್ರೀಶಕ್ತಿ ಸಂಘದಲ್ಲೋ ಇರಲಿ. ಬರೆಯಲು ಪುರುಸೊತ್ತಿಲ್ಲ ಎನ್ನುವವರ ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದಾರೆ.
2. ಇಂಜೆಕ್ಷನ್ ಹಾಕಿಸಿದ ಮೇಲೆ ಖಾಲಿ ಕಡ್ಡಿ ಕೇಳಿ ಪಡೆಯಿರಿ. ಹಸುವಿನ ಓಲೆ ನಂಬರು, ಹೋರಿ ನಂಬರು, ತಾರೀಖು ಬರೆಯಿರಿ. ಅಪ್ಪನ ಕಡ್ಡಿ ಮಗಳಿಗೆ ಬೇಡ.
3. ರಾಗಿಯಲ್ಲಿ ಮೂರು ತಳಿ ಪಕ್ಕಪಕ್ಕ ಹಾಕಿ. ಕಾಳು, ಹುಲ್ಲು ಎರಡನ್ನೂ ತೂಗಿ. ಕೊಯ್ಲಿಗೆ ಮುಂಚೆ ಹೊಲದ ನಡುವಿನಿಂದ ಇಲುಕು ರೋಗವಿಲ್ಲದ ತೆನೆ ಆರಿಸಿ ಬೀಜಕ್ಕೆ ಇಡಿ. ಜೋಳದ ಹೈಬ್ರಿಡ್ ಬೀಜ ಮಾತ್ರ ಹಾಗೆ ಇಡಬೇಡಿ, ಮರುವರ್ಷ ಗುಣ ಒಡೆಯುತ್ತದೆ.
4. ತೆಂಗಿನ ತಾಯಿಮರಗಳಿಗೆ ನಂಬರು ಹಾಕಿ.
5. ಮಂದೆಯ ಅತಿ ದಪ್ಪ ಗಂಡುಮರಿಯನ್ನು ಮಾರುವ ಮುಂಚೆ ಗುಂಪಿನಲ್ಲಿ ಕೇಳಿ. ಬೆಲೆ ಕಟ್ಟಿ ಗುಂಪೇ ಕೊಳ್ಳಲಿ. ಎರಡು ವರ್ಷಕ್ಕೊಮ್ಮೆ ಟಗರನ್ನು ಬೇರೆ ಊರಿನ ಗುಂಪಿನೊಂದಿಗೆ ಬದಲಾಯಿಸಿ.
6. ಅಜ್ಜಿಯರ ಮಡಕೆಯಲ್ಲಿ ಹಸಿರುಕಡ್ಡಿ, ಕರಿಗಿಡ್ಡ ಅಥವಾ ಹೆಸರು ಮರೆತ ಯಾವುದೇ ಹಳೆ ರಾಗಿ ಇದ್ದರೆ ಒಂದು ಸೇರು ಊರಿಗೆ ಕೊಡಿ.

ನಮ್ಮ ಹಕ್ಕೊತ್ತಾಯ

ಕೃಷಿ ವಿಶ್ವವಿದ್ಯಾಲಯ, ಕಾರೇಕೆರೆ ಕೃಷಿ ಕಾಲೇಜು ಮತ್ತು ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ: ಪ್ರತಿ ಹೋಬಳಿಯಲ್ಲಿ ರೈತರ ಹೊಲದಲ್ಲೇ ತಳಿ ಪರೀಕ್ಷೆ ನಡೆಸಿ. ಬಿಡುಗಡೆಗೆ ಮುಂಚೆ ಹುಲ್ಲು, ರುಚಿ, ಅಕ್ಕಡಿ ಹೊಂದಾಣಿಕೆಗೂ ಅಂಕ ಕೊಡಿ. ಅಂಕ ಕೊಡುವವರಲ್ಲಿ ಅರ್ಧ ಹೆಂಗಸರಿರಲಿ.

ಹಾಸನ ಹಾಲು ಒಕ್ಕೂಟಕ್ಕೆ ಮತ್ತು ಪಶುಪಾಲನಾ ಇಲಾಖೆಗೆ: ಯಾವ ಹೋರಿಗಳ ಕಡ್ಡಿ ನಮ್ಮ ಊರಿಗೆ ಬರುತ್ತಿದೆ, ಅವುಗಳ ಹೆಣ್ಣುಮಕ್ಕಳ ಹಾಲೆಷ್ಟು ಎಂಬ ಪಟ್ಟಿಯನ್ನು ಪ್ರತಿ ಡೇರಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ. ತಿಂಗಳ ಹಾಲಿನ ಲೆಕ್ಕ ಕೊಡುವ ಮನೆಗೆ ಪ್ರೋತ್ಸಾಹಧನ ಕೊಡಿ. ನಮ್ಮ ಲೆಕ್ಕ ನಮಗೇ ತಿರುಗಿ ಬರಬೇಕು.

ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ: ಮೇ ತಿಂಗಳಿಗೆ ಮೊದಲೇ ಆಲೂಗೆಡ್ಡೆ ಕುಡಿಸಸಿ ಸಿಗುವಂತೆ ಮಾಡಿ. ಅರಸೀಕೆರೆಯ ಕೇಂದ್ರದಿಂದ ರೈತರ ತಾಯಿಮರಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಿ.

ಗ್ರಾಮ ಪಂಚಾಯಿತಿಗಳಿಗೆ: ಗೋಮಾಳ, ಕಾವಲು ಉಳಿಸಿ. ಮೇವಿಲ್ಲದ ಊರಿನಲ್ಲಿ ಯಾವ ಉತ್ತಮ ತಳಿಯೂ ಬದುಕುವುದಿಲ್ಲ.

ಕಾಫಿ ಬೆಳೆಗಾರರಿಗೆ 1925ರಿಂದಲೇ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಇದೆ. ಏನಾದರೂ ತೊಂದರೆ ಬಂದರೆ ಅವರು ಒಗ್ಗಟ್ಟಾಗಿ ಹೋಗಿ ಕೇಳುತ್ತಾರೆ. ರಾಗಿ ಬೆಳೆಯುವ, ಎರಡು ಹಸು ಕಟ್ಟುವ, ಮೂವತ್ತು ಕುರಿ ಮೇಯಿಸುವ ನಾವು ಒಬ್ಬೊಬ್ಬರೇ ಹೋಗಿ ಬರಿಗೈಲಿ ಬರುತ್ತೇವೆ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ಬನ್ನಿ. ಈ ಕರಪತ್ರ ಕೈಯಲ್ಲಿ ಹಿಡಿದು ಬನ್ನಿ. ಮೇಲಿನ ಹಕ್ಕೊತ್ತಾಯಗಳನ್ನು ಠರಾವು ಮಾಡಿಸಿ, ಪ್ರತಿಯನ್ನು ರೈತ ಸಂಪರ್ಕ ಕೇಂದ್ರಕ್ಕೂ ಪಶು ಆಸ್ಪತ್ರೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಊರು ಕೇಳಿದರೆ ಅರ್ಜಿ, ಐವತ್ತು ಊರು ಕೇಳಿದರೆ ಆದೇಶ.

ಬೀಜದ ಲೆಕ್ಕ ಬರೆಯೋಣ, ಬೀಜದ ಹಕ್ಕು ಪಡೆಯೋಣ!
ಹೋರಿಯ ನಂಬರು ಕೇಳೋಣ, ಹಸುವಿನ ತಳಿ ಉಳಿಸೋಣ!
ನಮ್ಮ ಹೊಲದ ಪರೀಕ್ಷೆ, ನಮ್ಮ ಕೈಯ ಆಯ್ಕೆ!

ಇಂತಿ,
ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ರೈತರು, ಹೈನುಗಾರರು ಮತ್ತು ಕುರಿಗಾಹಿಗಳು

(ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.)